ಕಲ್ಲುಹೂವಿನ ಕೋಟು

"ನೀನು ಬೇಕಾದ್ರೆ ಹತ್ತು, ಟಾರ್ಕಿಲ್. ಕೋಟು ಹತ್ತೋ ಹಾಗಿಲ್ಲ."

ಹೀಗೆಂದವನು ಮರ್ಡೋ. ಹೆಲ್ಸೇ ದ್ವೀಪಕ್ಕೆ ಟಪಾಲು, ದಿನಸಿ, ಕುರಿ, ಮನುಷ್ಯರು ಎಲ್ಲವನ್ನೂ ಒಂದೇ ದೋಣಿಯಲ್ಲಿ ಒಯ್ಯುವವನು. ನಮ್ಮ ಕಡೆ ಯಾವ ಊರಿಗೆ ಹೋದರೂ ಏಳೆಂಟು ಜನ ಮರ್ಡೋಗಳು ಸಿಗುವುದರಿಂದ, ಇವನಿಗೆ ಮೂಗು ಮರ್ಡೋ ಅಂತ ಹೆಸರು. ಗಾಳಿ ದಿಕ್ಕು ಬದಲಿಸುವುದು ಮಿಕ್ಕವರಿಗೆ ರೇಡಿಯೋದಲ್ಲಿ ಗೊತ್ತಾದರೆ ಇವನಿಗೆ ಮೂಗಿನಲ್ಲಿ ಗೊತ್ತಾಗುತ್ತಿತ್ತು. ಯಾರ ಮನೆಯಲ್ಲಿ ಮೀನು ಸೀದಿದೆ ಎಂದು ಜೆಟ್ಟಿಯಲ್ಲಿ ನಿಂತೇ ಹೇಳಬಲ್ಲ.

ಟಾರ್ಕಿಲ್ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಕಾಲು ದೋಣಿಯಲ್ಲಿ ಇಟ್ಟುಕೊಂಡು, ಅಲೆ ಬಂದಂತೆಲ್ಲ ಅಗಲವಾಗುತ್ತ ನಿಂತಿದ್ದ. ಕೋಟಿಗೇನಾಗಿದೆ ಅಂತ ಅವನಿಗೆ ಅರ್ಥವಾಗಲಿಲ್ಲ. ಆಗುವುದಾದರೂ ಹೇಗೆ? ಇಡೀ ಲೂಯಿಸ್ ದ್ವೀಪದಲ್ಲಿ ಸಮುದ್ರ ಕಣ್ಣಿಗೆ ಬೀಳದ ಊರು ಒಂದೇ ಒಂದಿದೆ, ಟಾರ್ಕಿಲ್ ಅಲ್ಲಿಯವನು. ಪಟ್ಟಣಕ್ಕೆ ಹೋಗುವ ಬಸ್ಸಿನ ಡ್ರೈವರು. ನೀರು ಅಂದರೆ ಅವನಿಗೆ ರೇಡಿಯೇಟರಿಗೆ ಹಾಕುವ ವಸ್ತು.

ಮರ್ಡೋ ವಿವರಿಸಿದ. "ಈ ಬಣ್ಣ ಕಲ್ಲುಹೂವಿನದು. ಸಮುದ್ರದ ಬಂಡೆ ಕೆರೆದು ತಂದು ಉಣ್ಣೆ ಜೊತೆ ಬೇಯಿಸಿರೋದು. ಬಂಡೆಗೆ ತನ್ನದು ವಾಪಸ್ ಬೇಕು. ಕೋಟನ್ನ ಎಳ್ಕೊಳ್ಳುತ್ತೆ, ಒಳಗೆ ಯಾರಿದ್ದಾರೆ ಅಂತ ನೋಡ್ತಾ ಕೂರಲ್ಲ. ನಮ್ಮಪ್ಪ ಹತ್ತಿಸಲಿಲ್ಲ, ಅವರಪ್ಪ ಹತ್ತಿಸಲಿಲ್ಲ, ನಾನೂ ಹತ್ತಿಸಲ್ಲ."

ಕೋಟು ಎಂಥದ್ದು ಅಂತ ಇಲ್ಲಿ ಹೇಳಲೇಬೇಕು. ಮೊಣಕಾಲು ಮುಚ್ಚುವಷ್ಟು ಉದ್ದ. ಎತ್ತಿದರೆ ಕಿವಿಯವರೆಗೆ ಬರುವ ಅಗಲ ಕಾಲರು, ಬೆನ್ನಿಗೆ ಅರ್ಧ ಬೆಲ್ಟು, ಅದರ ಕೆಳಗೆ ನಡೆದಾಗ ಬಾಗಿಲಂತೆ ತೆರೆದುಕೊಳ್ಳುವ ಮಡಿಕೆ, ಚರ್ಮ ಹೆಣೆದು ಮಾಡಿದ ಗುಂಡಿಗಳು. ಸ್ಟಾರ್ನೋವೇ ಪಟ್ಟಣದ ಮುದುಕ ದರ್ಜಿಯೊಬ್ಬ ಟಾರ್ಕಿಲ್‌ನ ತಾತನ ಫೋಟೋ ಮುಂದಿಟ್ಟುಕೊಂಡು, ಅದೇ ಅಳತೆ ಅದೇ ಠೀವಿಯಲ್ಲಿ ಹೊಲಿದದ್ದು. ಬಣ್ಣವಂತೂ ತುಕ್ಕು, ಒಣಗಿದ ಜರೀಗಿಡ, ಕಡುಚಹಾ ಮೂರನ್ನೂ ಸೇರಿಸಿ ನೂತ ಹಾಗೆ. ಹತ್ತಿರ ಹೋದರೆ ಹೊಗೆ ಮತ್ತು ಒದ್ದೆ ಕಲ್ಲಿನ ವಾಸನೆ. ಅದನ್ನು ಮೊದಲ ಸಲ ತೊಟ್ಟು ಕನ್ನಡಿ ನೋಡಿದಾಗ ಬಸ್ಸಿನ ಡ್ರೈವರು ಮಾಯವಾಗಿ ಬಸ್ ಕಂಪನಿಯ ಯಜಮಾನ ನಿಂತಿದ್ದ.

ಬಟ್ಟೆ ನೇಯ್ದವಳು ಹೆಲ್ಸೇಯ ಮಾರ್ಸಲಿ ಅತ್ತೆ. ಅತ್ತೆ ಎಂದರೆ ಟಾರ್ಕಿಲ್‌ಗಲ್ಲ, ಕೆನೀನಾಗೆ ಸೋದರತ್ತೆ. ಕೆನೀನಾ ಪ್ರತಿ ಗುರುವಾರ ದೋಣಿ ಇಳಿದು ಅವನ ಬಸ್ಸು ಹತ್ತುತ್ತಿದ್ದಳು. ಡ್ರೈವರ ಬೆನ್ನ ಹಿಂದಿನ ಸೀಟಿನಲ್ಲಿ ಕೂತು ಅವನ ಕತ್ತಿನ ಹಿಂಭಾಗದ ಜೊತೆ ಮಾತಾಡುತ್ತಿದ್ದಳು. ಹೀಗೆ ಎರಡು ಚಳಿಗಾಲ ಕಳೆದ ಮೇಲೆ ಟಾರ್ಕಿಲ್ ಒಂದು ದಿನ ಬಸ್ಸು ನಿಲ್ಲಿಸಿ, ಹಿಂದಕ್ಕೆ ತಿರುಗಿ, ಕೇಳಬೇಕಾದ್ದನ್ನು ಕೇಳಿದ. ಅವಳು ತನಗೇನೋ ಒಪ್ಪಿಗೆ ಅಂದಳು. ಆದರೆ ಅತ್ತೆಯನ್ನು ಬಿಟ್ಟು ಬರುವುದಿಲ್ಲ, ಅತ್ತೆ ಒಪ್ಪದವನನ್ನು ಆ ಮನೆಗೆ ಸೇರಿಸುವುದೂ ಇಲ್ಲ ಅಂದಳು. ಸ್ವಲ್ಪ ದಿನಕ್ಕೆ ಅತ್ತೆಯಿಂದ ಬಟ್ಟೆ ಬಂತು, ಜೊತೆಗೆ ಅಪ್ಪಣೆಯೂ ಬಂತು: ಕೋಟು ಹೊಲಿಸಿಕೊಂಡು, ಅದನ್ನೇ ಹಾಕಿಕೊಂಡು ಚಹಾಕ್ಕೆ ಬರಬೇಕು. ಹೋದ ತಿಂಗಳು ಕರೆದಾಗ ಬಸ್ಸು ಕೆಟ್ಟು ನಿಂತು ಅವನಿಗೆ ಹೋಗಲಾಗಿರಲಿಲ್ಲ. ಈ ಶನಿವಾರವೂ ತಪ್ಪಿದರೆ ಆ ಮನೆಯ ಕೆಟಲು ಅವನ ಹೆಸರಲ್ಲಿ ಇನ್ನು ಒಲೆ ಏರುವುದಿಲ್ಲ ಎಂದು ಅತ್ತೆ ಹೇಳಿ ಕಳಿಸಿದ್ದಳು.

ಅದಕ್ಕೇ ಟಾರ್ಕಿಲ್ ವಾದಕ್ಕಿಳಿದ. ಇದೇ ಬಟ್ಟೆ ಹೆಲ್ಸೇಯಿಂದ ನಿನ್ನ ದೋಣಿಯಲ್ಲೇ ಟಪಾಲಿನಲ್ಲಿ ಬಂತಲ್ಲ, ಆಗ ಮುಳುಗಿದೆಯಾ ಎಂದು ಕೇಳಿದ.

ಮರ್ಡೋನ ಮುಖ ಬಿಳುಚಿತು. "ಯಾವಾಗ?"

"ಸೆಪ್ಟೆಂಬರಲ್ಲಿ."

"ಆಗ ನಂಗೆ ನೆಗಡಿ ಆಗಿತ್ತು ಕಣೋ. ಏನೂ ವಾಸನೆ ಬರ್ತಿರಲಿಲ್ಲ." ಅವನು ಜೆಟ್ಟಿಯ ಮೇಲಿದ್ದವರ ಕಡೆ ತಿರುಗಿದ. "ನೋಡಿದ್ರಾ? ಅದಕ್ಕೇ ಅವತ್ತು ನಡುನೀರಲ್ಲಿ ಇಂಜಿನ್ನು ನಿಂತಿದ್ದು."

ಜೆಟ್ಟಿಯ ಮೇಲಿದ್ದವರೆಲ್ಲ ತಲೆಯಾಡಿಸಿದರು. ಟಾರ್ಕಿಲ್ ಕಾಲು ಒಟ್ಟು ಮಾಡಿಕೊಂಡು ದಡಕ್ಕೆ ಬಂದ.

ಅಲ್ಲಿ ಯೂವನ್ ನಿಂತಿದ್ದ. ನಮ್ಮ ಚರ್ಚಿನ ಹಿರಿಯ, ಹೆಲ್ಸೇಯಲ್ಲಿ ಭಾನುವಾರದ ಪ್ರಾರ್ಥನೆ ನಡೆಸಲು ಹೊರಟವನು. ಭಾನುವಾರ ದೋಣಿಯೂ ಇಲ್ಲ, ಬಸ್ಸೂ ಇಲ್ಲ, ಹಗ್ಗದ ಮೇಲೆ ಬಟ್ಟೆ ಒಣಗಿಸುವುದೂ ಇಲ್ಲವಾದ್ದರಿಂದ ಅವನು ಶನಿವಾರವೇ ಹೋಗಿ ಸೋಮವಾರ ಬರುತ್ತಿದ್ದ. ಅವನು ಟಾರ್ಕಿಲ್‌ನ ಭುಜದ ಮೇಲೆ ಕೈಯಿಟ್ಟು, ಬಂಡೆಗೆ ಬಾಯಿಲ್ಲ, ಬಣ್ಣಕ್ಕೆ ಶಕ್ತಿಯಿಲ್ಲ, ಇಂಥದ್ದನ್ನೆಲ್ಲ ನಂಬುವುದು ಪಾಪ ಎಂದು ಕೇಳುವವರಿಗೆ ಮೈ ಜುಮ್ಮೆನ್ನುವ ಹಾಗೆ ವಿವರಿಸಿದ. ಹಾಗಾದರೆ ಇದನ್ನೇ ಮರ್ಡೋಗೆ ಹೇಳಿ ಅಂದ ಟಾರ್ಕಿಲ್.

ಯೂವನ್ ಕೈ ತೆಗೆದ. "ಹೇಳಬಹುದು. ಆದರೆ ನಾನೂ ಅದೇ ದೋಣಿಯಲ್ಲಿ ಹೋಗೋನು. ನಂಬಿಕೆ ಬೇರೆ, ಈಜು ಬೇರೆ. ನಂಗೆ ಈಜು ಬರಲ್ಲಪ್ಪ. ಸುಮ್ನೆ ಆ ಕೋಟು ಬಿಚ್ಚಿಟ್ಟು ಬಾ."

ಬಿಚ್ಚಿಟ್ಟು ಹೋಗುವುದು. ಟಾರ್ಕಿಲ್ ಕೂಡ ಒಂದು ಕ್ಷಣ ಅದನ್ನೇ ಯೋಚಿಸಿದ. ಬೆಳಿಗ್ಗೆ ಫೋನಿನಲ್ಲಿ ಕೆನೀನಾ, "ಕೋಟು ಗೀಟು ಅಂತ ತಲೆ ಕೆಡಿಸ್ಕೋಬೇಡ, ನೀನು ಬಂದ್ರೆ ಸಾಕು" ಅಂದಿದ್ದಳು. ಪಾಪ, ಒಳ್ಳೆಯ ಹುಡುಗಿ, ಹಾಗೆಲ್ಲ ಹೇಳ್ತಾಳೆ ಅಂದುಕೊಂಡಿದ್ದ. ಈಗ ಖಾತ್ರಿ ಮಾಡಿಕೊಳ್ಳೋಣವೆಂದು ಜೆಟ್ಟಿಯ ತುದಿಯ ಪೋಸ್ಟಾಫೀಸಿಗೆ ಹೋಗಿ ಡೋಲಿನಾಳನ್ನು ಕೇಳಿದ. ಸುತ್ತಲಿನ ನಾಲ್ಕು ಊರಿನಲ್ಲಿ ಯಾರ ಮನಸ್ಸಿನಲ್ಲಿ ಏನಿದೆ ಅನ್ನುವುದು ಡೋಲಿನಾಗೆ ಗೊತ್ತು. ಗೊತ್ತಿಲ್ಲದಿದ್ದರೆ ತಾನೇ ಹಾಕಿ ತುಂಬಿಸುತ್ತಾಳೆ.

"ಮಾರ್ಸಲಿ ನೇಯ್ದಿದ್ದನ್ನ ಹಾಕದೆ ಅವಳ ಬಾಗಿಲಿಗೆ ಹೋಗ್ತೀಯಾ?" ಅಂದಳು ಡೋಲಿನಾ. "ಅದಕ್ಕಿಂತ ಅವಳ ಬೆಕ್ಕಿಗೆ ಒದ್ದು ಒಳಗೆ ಹೋಗು, ಬೇಗ ಮುಗಿಯುತ್ತೆ."

ಅಲ್ಲಿಗೆ ತೀರ್ಮಾನವಾಯಿತು. ಕೋಟು ಹೋಗಲೇಬೇಕು.

ಮೊದಲು ಅವನು ಕೋಟನ್ನು ಒಳಗು ಹೊರಗು ಮಾಡಿ ಹಾಕಿಕೊಂಡ. ಆ ದರ್ಜಿಗೆ ಕೋಟಿನ ಒಳಪದರದ ವಿಷಯದಲ್ಲಿ ಧಾರಾಳ ಕೈ; ಗುಲಾಬಿ ಬಣ್ಣದ ನುಣುಪಿನ ಬಟ್ಟೆ ಹಾಕಿದ್ದ. ಟಾರ್ಕಿಲ್ ಆ ಬೂದು ಬಣ್ಣದ ಜೆಟ್ಟಿಯ ಮೇಲೆ ಮದುವೆಯ ಕೇಕಿನಂತೆ ಹೊಳೆಯುತ್ತ, ಯೂವನ್‌ನ ಬೆನ್ನಿಗೆ ಅಂಟಿಕೊಂಡು ದೋಣಿ ಹತ್ತಿ ಮೂಲೆಯಲ್ಲಿ ಕೂತ. ಮರ್ಡೋ ಆ ಕಡೆ ಬೆನ್ನು ಹಾಕಿ ಹಗ್ಗ ಸುತ್ತುತ್ತಿದ್ದ. ತಿರುಗಿ ನೋಡಲಿಲ್ಲ. ಮೂಗನ್ನು ಮಾತ್ರ ಎರಡು ಸಲ ಅರಳಿಸಿದ.

"ಇಳಿ," ಅಂದ.

ಟಾರ್ಕಿಲ್ ಇಳಿದ. ದೋಣಿ ಹೊರಡಲು ಇನ್ನೂ ಸ್ವಲ್ಪ ಹೊತ್ತಿತ್ತು. ಮರ್ಡೋ ಟಪಾಲು ಚೀಲ ತರಲು ಪೋಸ್ಟಾಫೀಸಿಗೆ ಹೋಗಿ, ಡೋಲಿನಾ ಕೊಟ್ಟ ಚಹಾ ಕುಡಿಯುತ್ತ ಕೂತ. ಆಗ ಟಾರ್ಕಿಲ್ ಕಣ್ಣಿಗೆ ಬಿದ್ದದ್ದು ಟಗರು.

ನವೆಂಬರ್ ಬಂತೆಂದರೆ ನಮ್ಮಲ್ಲಿ ಟಗರುಗಳಿಗೆ ಕೆಲಸ ಜಾಸ್ತಿ. ಹೆಣ್ಣು ಕುರಿಗಳಷ್ಟೇ ಇರುವ ಸಣ್ಣ ದ್ವೀಪಗಳಿಗೆ ಅವನ್ನು ದೋಣಿಯಲ್ಲಿ ಕಳಿಸುತ್ತಾರೆ. ಅವತ್ತಿನ ಟಗರು ಹೋಗುತ್ತಿದ್ದುದು ಬೇರೆಲ್ಲಿಗೂ ಅಲ್ಲ, ಮಾರ್ಸಲಿ ಅತ್ತೆಯ ಮಂದೆಗೇ. ಹಾಗಾಗಿ ಅವತ್ತು ಅದೇ ಮನೆಗೆ ಹೊರಟ ಮದುವಣಿಗರು ಇಬ್ಬರು. ಒಬ್ಬನಿಗೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಅವನು ಕಂಬಕ್ಕೆ ಕಟ್ಟಿಸಿಕೊಂಡು, ಬೆನ್ನಿಗೆ ಗೋಣಿಚೀಲ ಹೊದ್ದು, ಹತ್ತು ಹೆಜ್ಜೆ ದೂರಕ್ಕೂ ಹೊಡೆಯುವಂಥ ವಾಸನೆ ಬೀರುತ್ತ ನಿಂತಿದ್ದ.

ಆ ವಾಸನೆಯೇ ಟಾರ್ಕಿಲ್‌ಗೆ ಉಪಾಯ ಕೊಟ್ಟದ್ದು. ಇದರ ಮುಂದೆ ಎಂಥ ಮೂಗೂ ಸೋಲಬೇಕು. ಅವನು ಕಂಬದಿಂದ ಹಗ್ಗ ಬಿಚ್ಚಿ, ಗೋಣಿಚೀಲ ತೆಗೆದು, ಟಗರಿನ ಮುಂಗಾಲುಗಳನ್ನು ಕೋಟಿನ ತೋಳಿನೊಳಗೆ ತೂರಿಸಿ, ಹೊಟ್ಟೆಯ ಕೆಳಗೆ ಗುಂಡಿ ಹಾಕಿದ. ಮೇಲೆ ಮತ್ತೆ ಗೋಣಿಚೀಲ ಹೊದಿಸಬೇಕು, ಅಷ್ಟೇ ಬಾಕಿ. ಅದಕ್ಕೆ ಎರಡೂ ಕೈ ಬೇಕಾದ್ದರಿಂದ ಹಗ್ಗವನ್ನು ಕಾಲಲ್ಲಿ ಒತ್ತಿಕೊಂಡ.

ಟಗರಿಗೆ ಕೋಟು ತೊಟ್ಟ ಕೂಡಲೇ ತಾನೂ ಯಾರೋ ಯಜಮಾನ ಅನ್ನಿಸಿತೋ ಏನೋ, ತಲೆ ಎತ್ತಿ ಸುತ್ತ ನೋಡಿತು. ಆಮೇಲೆ ಹೊರಟೇಬಿಟ್ಟಿತು. ಕಾಲಡಿಯ ಹಗ್ಗ ಎಳೆದ ರಭಸಕ್ಕೆ ಬಿದ್ದ ಟಾರ್ಕಿಲ್ ಕೂತಲ್ಲಿಂದ ನೋಡಿದಾಗ, ತನ್ನ ಕೋಟು ಬೆನ್ನಿನ ಅರ್ಧ ಬೆಲ್ಟು, ಮಡಿಕೆ ಎಲ್ಲ ತೋರಿಸಿಕೊಂಡು, ಠೀವಿಯಿಂದ ಜೆಟ್ಟಿಯ ಉದ್ದಕ್ಕೂ ಓಡುತ್ತಿತ್ತು. ತಾತನ ಫೋಟೋದಲ್ಲಿದ್ದ ಹಾಗೇ ಕೂತಿತ್ತು ಭುಜದಲ್ಲಿ.

ಪೋಸ್ಟಾಫೀಸಿನ ಮುಂದೆ ಡೋಲಿನಾಳ ತಾಯಿ ಬೆಂಚಿನ ಮೇಲೆ ಕೂತಿದ್ದಳು. ಕಣ್ಣಿಗೆ ಪೊರೆ ಬಂದ ಮುದುಕಿ. ಬಣ್ಣ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಬೆಳಿಗ್ಗೆಯಿಂದ ಆ ಕೋಟಿನ ವಿಷಯವನ್ನೇ ಕೇಳಿದ್ದವಳು, ಕಂದು ಬಣ್ಣ ಹತ್ತಿರ ಬಂದದ್ದು ನೋಡಿ ಗೌರವದಿಂದ ಮಾತಾಡಿಸಿದಳು.

"ಚೆನ್ನಾಗಿದೆ ಕಣಪ್ಪ ಟಾರ್ಕಿಲ್, ನಿಂಗೆ ಒಪ್ಪುತ್ತೆ. ಆದ್ರೆ ಬೆನ್ನು ನೆಟ್ಟಗೆ ಮಾಡಿ ನಡಿ. ಮಾರ್ಸಲಿಗೆ ಗೂನು ಆಗಲ್ಲ."

ಟಗರು ಉತ್ತರ ಕೊಟ್ಟಿತು. ಮುದುಕಿ ಮಗಳನ್ನು ಕರೆದು, ಪಾಪ ಹುಡುಗನಿಗೆ ಗಂಟಲು ಕಟ್ಟಿದೆ, ಒಂದು ಲೋಟ ಬಿಸಿ ನೀರು ಕೊಡು ಎಂದಳು. ಡೋಲಿನಾ, ಮರ್ಡೋ ಇಬ್ಬರೂ ಹೊರಗೆ ಬರುವಷ್ಟರಲ್ಲಿ ಕೋಟು ತೊಟ್ಟ ಗಿರಾಕಿ ಪೋಸ್ಟಾಫೀಸಿನ ಹಿಂದಿನ ಕೋಸಿನ ಮಡಿಗೆ ಹೋಗಿ, ಎರಡು ಕೋಸು ಮುಗಿಸಿ, ಎದೆಯ ಮೇಲಿನ ಚರ್ಮದ ಗುಂಡಿಯೊಂದನ್ನು ಬಾಯಲ್ಲಿಟ್ಟು ಅಗಿಯುತ್ತಿತ್ತು. ಗುಂಡಿ ಸಿಗಲಿಲ್ಲ, ಕೋಟು ಸಿಕ್ಕಿತು. ಅದರ ವಾಸನೆ ಈಗ ಎರಡು ಥರ.

ಮರ್ಡೋಗೆ ಸಿಟ್ಟು ಬರಲಿಲ್ಲ, ಬೇಜಾರಾಯಿತು. "ಟಾರ್ಕಿಲ್, ಕೊನೇ ಸಲ ಹೇಳ್ತೀನಿ. ಇದನ್ನ ಇಲ್ಲಿ ಮೊಳೆಗೆ ನೇತು ಹಾಕು. ದೋಣಿ ಹತ್ತು. ನಿನ್ನ ಹುಡುಗಿ ಕಾಯ್ತಿದ್ದಾಳೆ," ಅಂದು ಟಗರನ್ನು ಹಿಡಿದುಕೊಂಡು ಹೋದ.

ಆದರೆ ಟಾರ್ಕಿಲ್‌ನ ಕಣ್ಣು ಡೋಲಿನಾಳ ತಕ್ಕಡಿಯ ಮೇಲಿತ್ತು. ಬಟ್ಟೆ ಬಂದದ್ದು ಟಪಾಲಿನಲ್ಲಿ ತಾನೆ? ಹಾಗಾದರೆ ಕೋಟು ಟಪಾಲಿನಲ್ಲಿ ಯಾಕೆ ಹೋಗಬಾರದು? ಮರ್ಡೋ ದೋಣಿಯವನಷ್ಟೇ ಅಲ್ಲ, ಟಪಾಲಿನವನು ಕೂಡ. ಟಪಾಲು ಒಲ್ಲೆ ಅನ್ನುವ ಅಧಿಕಾರ ಅವನಿಗಿಲ್ಲ. ಡೋಲಿನಾಗೆ ಈ ಮಾತು ಹೇಳಿದ್ದೇ ತಡ, ಬಹಳ ದಿನದಿಂದ ಮರ್ಡೋನ ಮೇಲೆ ಕಾಯಿದೆ ತೋರಿಸಲು ಕಾದಿದ್ದವಳ ಹಾಗೆ ಕಂದು ಕಾಗದ, ದಾರ, ಅಂಟು ಎಲ್ಲ ಹರವಿಕೊಂಡಳು. ಕಟ್ಟಿನ ಮೇಲೆ ಬರೆದ ವಿಳಾಸ: ಟಾರ್ಕಿಲ್, ಮಾರ್ಸಲಿಯ ಮನೆ, ಹೆಲ್ಸೇ. ಮುದ್ರೆಯನ್ನು ಎರಡು ಸಲ ಒತ್ತಿದಳು.

ಮರ್ಡೋ ಕಟ್ಟನ್ನು ಮೂಸಿದ. ಮುದ್ರೆ ನೋಡಿದ. ಡೋಲಿನಾಳ ಮುಖ ನೋಡಿದ. ಸುಮಾರು ಹೊತ್ತು ಸಮುದ್ರದ ಕಡೆ ನೋಡಿದ.

"ಟಪಾಲು ಬೇಡ ಅನ್ನೋ ಹಾಗಿಲ್ಲ," ಅಂದ. "ಒಪ್ಪಿದೆ. ಆದ್ರೆ ಯಾವ ದೋಣಿಯಲ್ಲಿ ಅಂತ ಕಾಯಿದೆಯಲ್ಲಿ ಬರೆದಿಲ್ಲ."

ಅವನ ದೋಣಿಯ ಹಿಂದೆ ಉದ್ದ ಹಗ್ಗಕ್ಕೆ ಒಂದು ಪುಟ್ಟ ಹುಟ್ಟುದೋಣಿ ಕಟ್ಟಿರುತ್ತಿತ್ತು, ಕುರ್ಚಿಯೊಂದಕ್ಕೆ ಮೂತಿ ಬಂದಷ್ಟೇ ದೊಡ್ಡದು. ಕಟ್ಟನ್ನು ಅದರಲ್ಲಿಟ್ಟ. ಅಲೆಗೆ ಹಾರಿ ಹೋಗದಂತೆ ಯಾರಾದರೂ ಹಿಡಿದುಕೊಳ್ಳಬೇಕಲ್ಲ ಎಂದು ಸುತ್ತ ನೋಡಿದ. ಎಲ್ಲರೂ ಟಾರ್ಕಿಲ್‌ನನ್ನು ನೋಡಿದರು.

ಹೀಗೆ ಆ ಶನಿವಾರ ಹೆಲ್ಸೇಗೆ ಮೆರವಣಿಗೆ ಹೊರಟಿತು. ಮುಂದೆ ದೊಡ್ಡ ದೋಣಿಯಲ್ಲಿ ಮರ್ಡೋ, ಬೈಬಲ್ಲು ಹಿಡಿದ ಯೂವನ್, ಗಾಜಿನ ಕಿಟಕಿಯ ಹಿಂದೆ ಬೆಚ್ಚಗೆ ನಿಂತು ಹಿಂದಕ್ಕೆ ನೋಡುತ್ತಿದ್ದ ಟಗರು. ಹಿಂದೆ, ಹಗ್ಗದ ತುದಿಯಲ್ಲಿ, ಕಂದು ಕಾಗದದ ಕಟ್ಟನ್ನು ಕೂಸಿನಂತೆ ಅಪ್ಪಿಕೊಂಡ ಟಾರ್ಕಿಲ್. ಪ್ರತಿ ಅಲೆಯೂ ಮೊದಲು ದೊಡ್ಡ ದೋಣಿಯನ್ನು ವಿಚಾರಿಸಿ, ಆಮೇಲೆ ಇವನ ಮಡಿಲಲ್ಲಿ ಬಂದು ಕೂರುತ್ತಿತ್ತು. ನಡುನೀರಿನಲ್ಲಿ ಕಾಗದ ಕರಗಿತು. ಕೊನೆಗೆ ಉಳಿದದ್ದು ದಾರ, ಅದರೊಳಗೆ ಕೋಟು. ಇಂಜಿನ್ನು ಒಂದು ಸಲವೂ ನಿಲ್ಲಲಿಲ್ಲ. ಅದರಿಂದ ಮರ್ಡೋಗೆ ಸ್ವಲ್ಪ ನಿರಾಸೆಯೇ ಆಯಿತು ಅಂತ ಯೂವನ್ ಆಮೇಲೆ ಹೇಳುತ್ತಿದ್ದ.

ಹೆಲ್ಸೇಯಲ್ಲಿ ಇಳಿದ ಮೇಲೆ ಮರ್ಡೋ ಟಪಾಲಿನವನ ಟೋಪಿ ಹಾಕಿಕೊಂಡು ಬಂದು, ಟಾರ್ಕಿಲ್‌ನ ತೋಳಿನಲ್ಲಿದ್ದ ಕಟ್ಟನ್ನು ಇಸಿದುಕೊಂಡು, ಸಹಿ ಹಾಕಿಸಿಕೊಂಡು, ಅದೇ ಕಟ್ಟನ್ನು ಮತ್ತೆ ಅದೇ ತೋಳಿಗೆ ಕೊಟ್ಟ.

ಟಾರ್ಕಿಲ್ ಕೋಟು ಹಿಂಡಿ ತೊಟ್ಟುಕೊಂಡ. ತೂಕ ದುಪ್ಪಟ್ಟಾಗಿತ್ತು. ಆದರೂ ಒಂದು ಮಾತು ಹೇಳಬೇಕು, ಅಷ್ಟೆಲ್ಲ ಆದಮೇಲೂ ಕೋಟು ಅಳತೆ ಬಿಟ್ಟಿರಲಿಲ್ಲ. ಕಾಲರು ನಿಂತ ಹಾಗೇ ನಿಂತಿತ್ತು. ಗೆದ್ದ ಸೇನಾಪತಿಯ ಹಾಗೆ ಅವನು ನೀರು ಸುರಿಸುತ್ತ ದಿಬ್ಬ ಹತ್ತಿ, ಮಾರ್ಸಲಿ ಅತ್ತೆಯ ಬಾಗಿಲು ತಟ್ಟಿದ.

ಬಾಗಿಲು ತೆರೆದ ಕೆನೀನಾ ಕೋಟು ನೋಡಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಸಂತೋಷಕ್ಕೆ ಇರಬೇಕು ಅಂದುಕೊಂಡ ಟಾರ್ಕಿಲ್.

ಒಳಗೆ ಒಲೆಯ ಪಕ್ಕ ಮಾರ್ಸಲಿ ಅತ್ತೆ. ಸಣ್ಣ ಆಕೃತಿ, ಬಿಳಿ ಕೂದಲು, ನೇಯ್ದು ನೇಯ್ದು ಬೆರಳುಗಳೇ ದೊಡ್ಡದಾಗಿ ಕಾಣುವ ಕೈ. ಮೇಜಿನ ಮೇಲೆ ಓಟ್ಸ್ ರೊಟ್ಟಿ, ಬೆಣ್ಣೆ, ಉಪ್ಪು ಮೀನು. ಅವಳು ಕೋಟನ್ನು ಕಾಲರಿನಿಂದ ಅಂಚಿನವರೆಗೆ ನೋಡಿದಳು. ಗುಂಡಿ ಇಲ್ಲದ ಕಡೆ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

"ಮರ್ಡೋ ಬೇಡ ಅನ್ನಲಿಲ್ಲವಾ?"

"ಅಂದ, ಅತ್ತೆ. ತುಂಬಾ ಸಲ ಅಂದ."

"ಯೂವನ್?"

"ಅವರೂ ಅಂದ್ರು."

"ಆದ್ರೂ ಹಾಕ್ಕೊಂಡು ಬಂದೆ."

"ಆದ್ರೂ ಬಂದೆ ಅತ್ತೆ," ಅಂದ ಟಾರ್ಕಿಲ್, ಎದೆ ಉಬ್ಬಿಸಿಕೊಂಡು. ಎದೆಯಿಂದ ಒಂದು ಧಾರೆ ನೀರು ನೆಲಕ್ಕಿಳಿಯಿತು.

ಅತ್ತೆ ಚಹಾ ಬಗ್ಗಿಸಿದಳು. "ನನ್ನ ಗಂಡನೂ ಹೀಗೇ, ಒಳ್ಳೆಯವನು. ಮರ್ಡೋನ ಅಪ್ಪ ಗಾಳಿ ಮೂಸಿ ನೋಡಿ, ಇವತ್ತು ಬೇಡ ಕಣೋ ಅಂದ. ನನ್ನ ಗಂಡ ಕೇಳಲಿಲ್ಲ, ಹೋದ. ವಾಪಸ್ ಬರಲೇ ಇಲ್ಲ." ಲೋಟವನ್ನು ಅವನ ಮುಂದಿಟ್ಟಳು. "ಬಣ್ಣ ಯಾರನ್ನೂ ಮುಳುಗಿಸಲ್ಲ. ಅಷ್ಟು ನಂಗೂ ಗೊತ್ತು. ಆದ್ರೆ ಈ ದ್ವೀಪದಲ್ಲಿ ಇರೋ ಗಂಡಸು ದೋಣಿಯವನ ಮಾತು ಕೇಳ್ಬೇಕು. ಕೇಳ್ತೀಯೋ ಇಲ್ವೋ ನೋಡೋಣ ಅಂತಲೇ ಕಲ್ಲುಹೂವು ಹಾಕಿದ್ದು. ಜೆಟ್ಟಿಯಲ್ಲೇ ಕೋಟು ಬಿಚ್ಚಿಟ್ಟು, ಅಂಗಿಯಲ್ಲಿ ನಡುಗ್ತಾ ಬಂದಿದ್ರೆ, ಬಾಗಿಲಲ್ಲೇ ಹೂಂ ಅಂತಿದ್ದೆ."

ಟಾರ್ಕಿಲ್ ಬಾಯಿ ತೆರೆದ. ಹಾಕಿಕೊಂಡು ಬಾ ಎಂದವರು ನೀವೇ ಅಲ್ಲವಾ ಎಂದು ಕೇಳಬೇಕೆನಿಸಿತು. ಆದರೆ ಅಲ್ಲಿಯವರೆಗೆ ಮುಖ ಮುಚ್ಚಿಕೊಂಡಿದ್ದ ಕೆನೀನಾ ಬೆರಳ ಸಂದಿಯಿಂದ ಬೇಡವೆಂದು ಕಣ್ಣಲ್ಲೇ ಹೇಳಿದಳು. ಆ ದಿನ ಮೊದಲ ಬಾರಿಗೆ ಅವನು ಒಬ್ಬರ ಮಾತು ಕೇಳಿ ಬಾಯಿ ಮುಚ್ಚಿದ.

ಅದು ಅತ್ತೆಯ ಕಣ್ಣಿಗೆ ಬಿತ್ತು. ರೊಟ್ಟಿಗೆ ಇನ್ನಷ್ಟು ಬೆಣ್ಣೆ ಹಚ್ಚಿ ಅವನ ತಟ್ಟೆಗೆ ಹಾಕಿದಳು. ಇವತ್ತು ಹೂಂ ಅನ್ನುವುದಿಲ್ಲ, ಉಹೂಂ ಅಂತಲೂ ಅನ್ನುವುದಿಲ್ಲ, ಹೊಸ ವರ್ಷಕ್ಕೆ ಮತ್ತೆ ಬಾ ಅಂದಳು. ಆಗ ಹೇಗೆ ಬರುತ್ತಾನೋ ನೋಡಿ ಹೇಳುತ್ತಾಳಂತೆ.

ಟಾರ್ಕಿಲ್‌ಗೆ ಜೀವ ಬಂತು. ಇದೇನು ಮಹಾ ಕಷ್ಟ? ಕೋಟನ್ನು ಈಗಲೇ ಬಿಚ್ಚಿ ಬಾಗಿಲ ಹಿಂದಿನ ಗೂಟಕ್ಕೆ ಹಾಕಿದ. ಇನ್ನು ಈ ಕೋಟು ಸಮುದ್ರ ನೋಡುವುದಿಲ್ಲ, ಅತ್ತೆ. ಹೊಸ ವರ್ಷಕ್ಕೆ ಅಂಗಿಯಲ್ಲೇ ಬರುತ್ತೇನೆ ಎಂದು ಮಾತು ಕೊಟ್ಟ.

"ಬಾ," ಅಂದಳು ಅತ್ತೆ. "ಕೋಟಿನ ವಿಷಯ ಮುಗೀತು. ಈಗ ಮಗ್ಗದ ಮೇಲಿರೋದು ನಿನ್ನ ಪ್ಯಾಂಟಿಗೆ. ಟಪಾಲಲ್ಲಿ ಕಳಿಸ್ತೀನಿ, ಹೊಲಿಸ್ಕೊಂಡು ಅದನ್ನೇ ಹಾಕ್ಕೊಂಡು ಬಾ."

ತೆರೆದ ಬಾಗಿಲಿನಾಚೆ ಮಗ್ಗ ಕಾಣುತ್ತಿತ್ತು. ಅದರ ಮೇಲೆ ಅರ್ಧ ನೇಯ್ದ ಬಟ್ಟೆ. ತುಕ್ಕು, ಒಣಗಿದ ಜರೀಗಿಡ, ಕಡುಚಹಾ.

ಟಾರ್ಕಿಲ್ ದಿಬ್ಬ ಇಳಿದು ಬರುವಾಗ ಬಹಳ ನಿಧಾನವಾಗಿ ಯೋಚಿಸುತ್ತಿದ್ದ. ಕೋಟಾದರೆ ಜೆಟ್ಟಿಯಲ್ಲಿ ಬಿಚ್ಚಿಡಬಹುದು.

ಅವನು ಬರೀ ಅಂಗಿಯಲ್ಲಿ, ಕೈ ಬಗಲಲ್ಲಿಟ್ಟುಕೊಂಡು ಬಂದದ್ದು ನೋಡಿ ಮರ್ಡೋಗೆ ಕರುಳು ಚುರುಕ್ ಅಂದಿತು. ದೊಡ್ಡ ದೋಣಿಯಲ್ಲಿ, ಟಗರು ನಿಂತಿದ್ದ ಬೆಚ್ಚಗಿನ ಜಾಗದಲ್ಲೇ ಕೂರಿಸಿದ. ಟಗರಿನ ಗೋಣಿಚೀಲ ತೆಗೆದು ಬೆನ್ನಿಗೆ ಹೊದಿಸಿದ. ಇಂಜಿನ್ನು ಶುರು ಮಾಡಿ ಮೆಲ್ಲಗೆ ವಿಚಾರಿಸಿದ.

"ಏನಂದ್ಲು ಮಾರ್ಸಲಿ?"

"ಹೊಸ ವರ್ಷಕ್ಕೆ ಬಾ ಅಂದ್ರು. ಪ್ಯಾಂಟಿಗೆ ಬಟ್ಟೆ ಕಳಿಸ್ತಾರಂತೆ."

"ಯಾವ ಬಣ್ಣ?"

ಟಾರ್ಕಿಲ್ ಹೊದ್ದ ಗೋಣಿಚೀಲವನ್ನು ಕತ್ತಿನವರೆಗೆ ಎಳೆದುಕೊಂಡ. ಮರ್ಡೋ ಅದರ ಕಡೆ ಗದ್ದ ತೋರಿಸಿದ.

"ಅದನ್ನ ವಾಪಸ್ ಕೊಡಬೇಡ, ನಿನ್ನ ಹತ್ರಾನೇ ಇಟ್ಕೋ. ಆಗ ಬೇಕಾಗುತ್ತೆ."

ದೋಣಿ ಬಿಟ್ಟುಕೊಂಡಿತು. ಟಾರ್ಕಿಲ್ ತಿರುಗಿ ನೋಡಿದ. ಜೆಟ್ಟಿಯ ತುದಿಯಲ್ಲಿ ಕೆನೀನಾ ನಿಂತಿದ್ದಳು, ಅವನ ಕೋಟು ತೊಟ್ಟು, ಕಾಲರು ಎತ್ತಿಕೊಂಡು. ತೋಳು ಉದ್ದವಾಗಿ ಕೈಯೇ ಕಾಣದಿದ್ದರೂ ಆ ತೋಳನ್ನೇ ಬೀಸುತ್ತಿದ್ದಳು. ಅವಳ ಪಕ್ಕದಲ್ಲಿ ಟಗರು ನಿಧಾನವಾಗಿ ಬಂದು ನಿಂತು, ಕೋಟನ್ನು ಗುರುತು ಹಿಡಿದು, ಎರಡನೆಯ ಗುಂಡಿಗೆ ಬಾಯಿ ಹಾಕಿತು.